ಮಾಮಾನ ಹೆಸರಿನ ಬೋಗುಣಿ

ನಮ್ಮ ಮನೆತನದಲ್ಲಿ ಹೊಸ ಮನೆಯ ಒಲೆಯ ಮೇಲೆ ಮೊದಲ ಹಾಲು ಉಕ್ಕುವುದು ಮನೆಮಗಳ ಕೈಯಿಂದ. ಬರಿಗೈಯಲ್ಲಿ ಹೋದರೆ ನಡೆಯುವುದಿಲ್ಲ, ಹಾಲು ಕಾಸುವ ಬೋಗುಣಿಯನ್ನೂ ಅವಳೇ ಒಯ್ಯಬೇಕು. ಅದು ಹೊಸದಿರಬೇಕು. ಹಾಲಿಗಿಂತ ಮೊದಲು ಅದರಲ್ಲಿ ನೀರು ಸಹ ಬಿದ್ದಿರಬಾರದು. ಮಠದ ಅಯ್ನೋರ ಪಾದಪೂಜೆ, ಹೂವು, ಊಟ ಎಲ್ಲ ಇದ್ದರೂ, ಅಕ್ಕನೋ ತಂಗಿಯೋ ಬಂದು ಒಲೆ ಹಚ್ಚುವವರೆಗೆ ಅದು ಕಟ್ಟಡವೇ ಹೊರತು ಮನೆಯಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು.

ಅವ್ವನಿಗೆ ಇರುವವನು ಒಬ್ಬನೇ ತಮ್ಮ, ನೇಸರಗಿಯಲ್ಲಿ. ಅವನು ಹಳೆಯ ಮನೆಯ ಬಾಜೂಕ್ಕೆ ಹೊಸ ಮನೆಯ ಪಾಯ ತೆಗೆಸಿದ ವಾರವೇ ಅವ್ವ ಬೈಲಹೊಂಗಲದ ಬಜಾರಕ್ಕೆ ಹೋಗಿ ದಪ್ಪ ತಳದ ಸ್ಟೀಲಿನ ಬೋಗುಣಿ ಕೊಂಡು ತಂದಿದ್ದಳು. ಅಂಗಡಿಯವನಿಂದ ಅಂಚಿನ ಸುತ್ತ ಮಾಮಾನ ಹೆಸರು ಕೊರೆಸಿದ್ದಳು, ಹೆಸರಿನ ಮುಂದೆ ‘ಅಕ್ಕನಿಂದ’ ಎಂದು. ಆಮೇಲೆ ಅದನ್ನು ಟ್ರೆಜರಿಯಲ್ಲಿ, ಅಂದರೆ ಕಬ್ಬಿಣದ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ ಇಟ್ಟಳು. ಮಾಮಾನ ಮನೆ ಸ್ಲ್ಯಾಬಿಗೆ ಬಂದು ನಿಂತಿತು, ಮತ್ತೆ ಎದ್ದಿತು, ಮತ್ತೆ ನಿಂತಿತು. ಅವ್ವ ನಡುನಡುವೆ ಟ್ರೆಜರಿ ತೆಗೆದಾಗ ಸೀರೆಗಳನ್ನು ಸರಿಸಿ ಬೋಗುಣಿಯನ್ನು ಒಮ್ಮೆ ನೋಡಿ ಮುಚ್ಚುತ್ತಿದ್ದಳು. ಮುಟ್ಟುತ್ತಿರಲಿಲ್ಲ.

ಅಂತೂ ಮನೆ ಮುಗಿದು ಗುರುಪ್ರವೇಶದ ದಿನ ಗೊತ್ತಾದಾಗ ನಾನು ತವರಿನಲ್ಲಿ ಬಾಣಂತಿಯಾಗಿ ಮಲಗಿದ್ದೆ. ಮಗಳು ಹುಟ್ಟಿ ತಿಂಗಳಾಗಿ ಸ್ವಲ್ಪ ದಿನ ಕಳೆದಿತ್ತು.

‘ನೀ ಮನ್ಯಾಗಿರು. ಬಾಜೂ ಮನಿ ಕಾಕು ಬಂದ ನಿನ್ನ ಹತ್ರ ಕುಂದರ್ತಾಳ. ನಾನೂ ನಿಮ್ಮಪ್ಪನೂ ನಸಿಕಿನ್ಯಾಗ ಹೋಗಿ, ಹಾಲ ಉಕ್ಕಿಸಿ, ಊಟಕ್ಕೂ ನಿಲ್ಲದ ಬಂದಬಿಡ್ತೇವಿ’ ಎಂದು ಅವ್ವ ಅಂದಳು.

ಅಷ್ಟಕ್ಕೆ ‘ಹೂಂ’ ಅನ್ನಬಹುದಿತ್ತು. ಆದರೆ ಆ ಕೋಣೆ. ಗಾಳಿ ಬರಬಾರದೆಂದು ಕಿಟಕಿಗೆ ಕೌದಿ ಕಟ್ಟಿದ್ದರು, ಹೊರಸಿನ ಕೆಳಗೆ ಶಗಡಿಯ ಕೆಂಡ, ಲೋಬಾನದ ಹೊಗೆ. ಕೌದಿಯ ಒಂದು ಮೂಲೆ ಸಡಿಲಾಗಿದ್ದಲ್ಲಿ ಎದುರು ಮನೆಯ ಗೋಡೆಯ ಒಂದು ಗೇಣು ಕಾಣುತ್ತಿತ್ತು. ಆ ಗೋಡೆಯ ಮೊಳೆಗೆ ಯಾವುದೋ ಗಾಳಿಪಟದ ಬಾಲ ಸಿಕ್ಕಿಕೊಂಡಿತ್ತು. ಅದು ಅಲ್ಲಾಡಿದರೆ ಹೊರಗೆ ಗಾಳಿ ಇದೆ ಎಂದು ನನಗೆ ತಿಳಿಯುತ್ತಿತ್ತು. ಮಗಳ ಮುಖ ನೋಡುತ್ತ ಇರಬೇಕಾದವಳು ಆ ಬಾಲ ನೋಡುತ್ತ ಮಲಗಿರುತ್ತಿದ್ದೆ. ಇದು ತಾಯಿಯ ಲಕ್ಷಣವಲ್ಲ ಅನಿಸುತ್ತಿತ್ತು, ಆದರೂ ಕಣ್ಣು ಮತ್ತೆ ಅಲ್ಲಿಗೇ.

‘ನಾನೂ ಬರ್ತೇನಿ ಅವ್ವಾ’ ಅಂದೆ. ‘ಹೊತ್ತಿಗಿ ಸರಿಯಾಗಿ ತಯಾರಾಗಿ ಕುಂತಿರ್ತೇನಿ.’

ಕಾನ್ವೆಂಟಿನಲ್ಲಿ ಕಲಿತವಳು ನಾನು. ಗಂಟೆ ಹೊಡೆಯುವ ಮೊದಲೇ ಬೆಂಚಿನ ಮೇಲೆ ಇರುತ್ತಿದ್ದೆ. ಉಗುರು, ಕರವಸ್ತ್ರ, ಬೂಟು ಎಲ್ಲ ಸರಿ ಇದೆ ಎಂದು ಸಿಸ್ಟರು ನನ್ನನ್ನೇ ಮುಂದೆ ನಿಲ್ಲಿಸಿ ತೋರಿಸುತ್ತಿದ್ದರು. ನಾನು ಹೊತ್ತಿಗೆ ತಯಾರಾಗುತ್ತೇನೆ ಎಂದರೆ ಅವ್ವನೂ ನಂಬುತ್ತಿದ್ದಳು. ರಾಮದುರ್ಗದಿಂದ ಅತ್ತೆಯವರು ಫೋನಿನಲ್ಲಿ, ‘ಹೋಗಾಕ ಹೋಗು ತಂಗಿ, ಕಿವ್ಯಾಗ ಹತ್ತಿ ಇಟ್ಕೊ. ಕೂಸಿನ ಅಂಗಾಲಿಗೂ ಕಾಡಿಗಿ ಹಚ್ಚು. ಹೊತ್ತ ಮುಳಗೂದ್ರಾಗ ಒಳಗಿರಬೇಕ ನೋಡ’ ಎಂದು ಬಿಟ್ಟುಕೊಟ್ಟರು.

ಆ ದಿನ ನಸುಕಿನಲ್ಲಿ ಎದ್ದೆ. ಹಾಲು ಹತ್ತು ಗಂಟೆಯೊಳಗೆ ಉಕ್ಕಬೇಕೆಂದು ಅಯ್ನೋರು ಹೇಳಿದ್ದರು, ನೇಸರಗಿ ದೂರದ ಊರೇನಲ್ಲ. ಹಿಂದಿನ ದಿನವೇ ಕೂಸಿನ ಚೀಲ ಕಟ್ಟಿದ್ದೆ. ಹಳೆಯ ಧೋತರ ಹರಿದು ಮಾಡಿದ ಲಂಗೋಟಿ, ಅಂಗಿ, ಕುಂಚಿಗೆ, ಕೌದಿ, ಹತ್ತಿ, ಕಾಸಿದ ನೀರಿನ ಬಾಟಲಿ, ಬಿಸಿನೀರಿನ ಥರ್ಮಾಸು, ಮೇಲೊಂದು ಚಿಕ್ಕ ಚಾಕು. ಕೂಸಿನ ಜೊತೆ ಕಬ್ಬಿಣ ಇರಬೇಕು ಎಂದು ಕಾಕು ಇಟ್ಟಿದ್ದಳು. ಇಷ್ಟೆಲ್ಲ ಇದ್ದ ಚೀಲದಲ್ಲಿ ಒಂದು ತಂಬಿಗೆ ಇರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ನೀರು ಹಾಕುವವಳು ಬಂದು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆದು ಹೋದಳು. ಎರೆದ ಮೇಲೆ ಕೂಸು ಮಲಗಿತು. ಎರೆದ ನಿದ್ದೆ ಕೆಡಿಸಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಅದು ಏಳುವವರೆಗೆ ನಾನು ತಯಾರಾದೆ. ಇಳಕಲ್ ಸೀರೆ ಉಟ್ಟು, ಮದುವೆಯಲ್ಲಿ ಹೊಲಿಸಿದ ಕುಪ್ಪಸ ತೊಟ್ಟು, ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡೆ. ಎಷ್ಟೋ ದಿನದ ಮೇಲೆ ನಾನು ನನಗೇ ಕಂಡೆ. ಖುಷಿಯಾಯಿತು. ಅಷ್ಟರಲ್ಲಿ ಕೂಸು ಎದ್ದು ಅತ್ತಿತು. ಹಾಲು ಕುಡಿಸಲು ಕೂತಾಗ ತಿಳಿಯಿತು, ಆ ಕುಪ್ಪಸದ ಹುಕ್ಕುಗಳೆಲ್ಲ ಬೆನ್ನಿಗೆ.

ಮತ್ತೆ ಎಲ್ಲ ಬಿಚ್ಚಿದೆ. ಹಳೆಯ ಕುಪ್ಪಸ ಹಾಕಿದೆ, ಅದು ಸೀರೆಗೆ ಹೊಂದಲಿಲ್ಲ, ಸೀರೆ ಬದಲಿಸಿದೆ. ಅವ್ವ ಬಾಗಿಲಲ್ಲಿ ಬಂದು ನಿಂತಳು, ಮಡಚಿದ ಸೆರಗು, ತುಂಬಿದ ಬಳೆ, ಕೈಯಲ್ಲಿ ಬೋಗುಣಿಯ ಗಂಟು. ಹಸಿರು ಖಣದಲ್ಲಿ ಸುತ್ತಿ, ಬರಿದೇ ಒಯ್ಯಬಾರದೆಂದು ಒಳಗೆ ಒಂದು ಅರಿಷಿಣ ಕೊಂಬು, ಒಂದು ಹಿಡಿ ಅಕ್ಕಿಯನ್ನು ಪುಟ್ಟ ಅರಿವೆಯಲ್ಲಿ ಕಟ್ಟಿ ಇಟ್ಟಿದ್ದಳು. ‘ಆತೇನವಾ?’ ಎಂದಳು. ‘ಆತ ಅವ್ವಾ, ಇಕಾ’ ಎಂದೆ.

ಕೂಸನ್ನು ಭುಜಕ್ಕೆ ಹಾಕಿಕೊಂಡು ತೇಗಿಸುವಾಗ ಅದು ಕುಡಿದ ಹಾಲನ್ನೆಲ್ಲ ನನ್ನ ಬೆನ್ನ ಮೇಲೆ ಕಕ್ಕಿತು. ಮೂರನೆಯ ಸೀರೆ. ಹೊರಗೆ ಅಪ್ಪ ಕಾರಿನ ಹಾರನ್ ಒತ್ತಿದ. ಒಳಗೆ ಬಂದು ‘ದಂಡು ಹೊಂಡಾಕತ್ತೇತೇನ ಇದು?’ ಎಂದು ಚೀಲಗಳನ್ನು ನೋಡಿ ನಕ್ಕ. ಅವ್ವ ನಗಲಿಲ್ಲ. ಗಡಿಯಾರ ನೋಡಿದಳು, ನನ್ನ ಕಡೆ ನೋಡಲಿಲ್ಲ.

‘ಅವ್ವಾ, ನೀವಿಬ್ರೂ ಹೋಗ್ರಿ. ನಾ ಇರ್ತೇನಿ’ ಎಂದೆ.

‘ಈಗ ಹಂಗ ಅನಬ್ಯಾಡ. ಕಾಕೂಗ ಬ್ಯಾಡಂತ ಹೇಳೇನಿ, ಆಕಿ ಸವದತ್ತಿಗಿ ಹೋಗ್ಯಾಳ. ನಿನ್ನ ಒಬ್ಬಾಕಿನ್ನ ಬಿಟ್ಟ ಹೆಂಗ ಹೋಗ್ಲಿ?’

ಹಾಗೆ ನಾನು ಬರುತ್ತೇನೆ ಅಂದ ಒಂದು ಮಾತು ಅವಳ ಕಾಲು ಕಟ್ಟಿಹಾಕಿತ್ತು.

ಮತ್ತೆ ಹಾಲು ಕುಡಿಸಿ, ಕುಂಚಿಗೆ ಕಟ್ಟಿ, ಅಂಗಾಲಿಗೆ ಕಾಡಿಗೆ ಹಚ್ಚಿ, ನನ್ನ ಕಿವಿಗೆ ಹತ್ತಿ ಇಟ್ಟು, ಸ್ಕಾರ್ಫ್ ಬಿಗಿದು ಹೊಸ್ತಿಲಿಗೆ ಬಂದೆವು. ಅವ್ವ ಹೊಸ್ತಿಲ ಮೇಲೆ ಕೂಸಿನ ಸುತ್ತ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಅಷ್ಟು ಆತುರದಲ್ಲೂ ಅದನ್ನು ಬಿಡಲಿಲ್ಲ. ಕಾರಿನಲ್ಲಿ ಕೂತಾಗ ಬಿಸಿಲು ಆಗಲೇ ಓಣಿಯೊಳಗೆ ಇಳಿದಿತ್ತು. ಎದುರಿನ ಗೋಡೆಯ ಮೊಳೆಯಲ್ಲಿ ಗಾಳಿಪಟದ ಬಾಲ ಇತ್ತು. ಹೊರಗಿನಿಂದ ನೋಡಿದರೆ ಅದು ಪ್ಲಾಸ್ಟಿಕ್ ಚೀಲದ ಒಂದು ಚೂರು, ಅಷ್ಟೇ.

ಊರು ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರು. ಅದರ ಹಿಂದೆ ಇನ್ನೊಂದು. ಹಿಂದೆ ಎರಡೆರಡು ಟ್ರೇಲರ್ ಡಬ್ಬಿ ಜೋಡಿಸಿಕೊಂಡು, ಹಾಡು ಜೋರಾಗಿ ಹಚ್ಚಿಕೊಂಡು, ರಸ್ತೆ ತಮ್ಮದೇ ಅನ್ನುವ ಹಾಗೆ ಹೊರಟಿದ್ದವು. ಅಪ್ಪ ಹಾರನ್ ಒತ್ತಿದಷ್ಟೂ ಅವು ಅಲ್ಲೇ. ಹೊಲ, ಆಕಾಶ, ಬೆಳ್ಳಕ್ಕಿ ಎಲ್ಲ ಕಿಟಕಿಯಲ್ಲಿ ಸಾಲಾಗಿ ಬರುತ್ತಿದ್ದವು. ನಾನು ಇಷ್ಟು ದಿನ ಆಸೆಪಟ್ಟದ್ದು ಇದಕ್ಕೇ. ಈಗ ಅವ್ವನ ಕೈ ಗಂಟಿನ ಮೇಲೆ ಹೇಗಿದೆ ಎನ್ನುವುದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಾಮಾನ ಫೋನು ಬಂತು. ‘ಅಕ್ಕಾ, ಎಲ್ಲಿದ್ದೀ? ಅಯ್ನೋರು ಕೈಗಡಿಯಾರ ನೋಡಾಕತ್ತಾರ.’ ‘ಬಂದ್ವಿ ಅಪ್ಪಿ, ಬಂದ್ವಿ’ ಎಂದಳು ಅವ್ವ.

ಆಗ ಕೂಸು ಹೊಲಸು ಮಾಡಿತು. ಸ್ವಲ್ಪ ಅಲ್ಲ. ಲಂಗೋಟಿ, ಅಂಗಿ, ಕೌದಿ ದಾಟಿ ಬೆನ್ನಿನವರೆಗೆ. ಕಿರುಚಿ ಕಿರುಚಿ ಮುಖ ಕೆಂಪಾಯಿತು. ಅಪ್ಪ ಒಂದು ತೋಟದ ಮನೆಯ ಹತ್ತಿರ ಗಾಡಿ ನಿಲ್ಲಿಸಿ, ನನಗೆ ಅನುಕೂಲವಾಗಲೆಂದು ದೂರ ಹೋಗಿ ಕಬ್ಬಿನ ಕಡೆ ಮುಖ ಮಾಡಿ ನಿಂತ. ಥರ್ಮಾಸಿನ ನೀರು ಕೈ ಸುಡುವಷ್ಟು ಬಿಸಿ, ಬಾಟಲಿಯದು ತಣ್ಣಗೆ. ಬೆರೆಸಲು ಏನೂ ಇಲ್ಲ.

‘ತಡಿ, ಆ ಮನ್ಯಾಗ ಒಂದ ತಂಬಿಗಿ ಇಸಗೊಂಡ ಬರ್ತೇನಿ’ ಎಂದು ಅವ್ವ ಗಂಟನ್ನು ಸೀಟಿನ ಮೇಲಿಟ್ಟು ಇಳಿದು ಹೋದಳು. ನಿರಿಗೆ ಎತ್ತಿ ಹಿಡಿದು ಬದುವಿನ ಮೇಲೆ ಓಡುತ್ತ ಹೋದಳು. ಅವಳ ವಯಸ್ಸಿಗೆ, ಮೊಣಕಾಲು ನೋವಿಗೆ, ಅದು ಓಟವೇ.

ಕೂಸು ಉಸಿರು ಕಟ್ಟಿದ ಹಾಗೆ ಅಳುತ್ತಿತ್ತು. ಬಾಗಿಲಿನಿಂದ ತಣ್ಣನೆಯ ಗಾಳಿ ಅದರ ಬೆತ್ತಲೆ ಮೈಗೆ ಹೊಡೆಯುತ್ತಿತ್ತು. ಸ್ವಚ್ಛವಾದ ಪಾತ್ರೆ ಬೇಕು, ಬೆಚ್ಚಗಿನ ನೀರು ಬೇಕು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಆ ಕಾರಿನಲ್ಲಿ ಎಲ್ಲಕ್ಕಿಂತ ಸ್ವಚ್ಛವಾದದ್ದು ನನ್ನ ಪಕ್ಕದಲ್ಲೇ ಇತ್ತು.

ಖಣವನ್ನು ಹರಿಯದ ಹಾಗೆ ಬಿಚ್ಚಿದೆ. ಅಕ್ಕಿಯ ಗಂಟು, ಅರಿಷಿಣ ಕೊಂಬು ಎತ್ತಿ ಸೀಟಿನ ಮೇಲೆ ಒಪ್ಪವಾಗಿ ಇಟ್ಟೆ. ಥರ್ಮಾಸಿನಿಂದ ಸ್ವಲ್ಪ, ಬಾಟಲಿಯಿಂದ ಸ್ವಲ್ಪ ಬೋಗುಣಿಗೆ ಸುರಿದು, ಮೊಣಕೈಯಿಂದ ಬಿಸಿ ನೋಡಿ, ಹತ್ತಿ ಅದ್ದಿ ಅದ್ದಿ ಒರೆಸಿದೆ. ಕೂಸು ಸುಮ್ಮನಾಯಿತು. ಬೆಚ್ಚಗಿನ ನೀರು ತಾಗಿ ಕಣ್ಣು ಅರಳಿಸಿ ನನ್ನನ್ನೇ ನೋಡಿತು. ಆ ಕ್ಷಣದಲ್ಲಿ ನಾನು ಒಳ್ಳೆಯ ತಾಯಿ ಅನಿಸಿತು, ಸುಳ್ಳೇಕೆ ಹೇಳಲಿ.

ತಲೆ ಎತ್ತಿದರೆ ಅವ್ವ ಕಾರಿನ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಯಾರದೋ ಮನೆಯ ನೀಲಿ ಪ್ಲಾಸ್ಟಿಕ್ ತಂಬಿಗೆ, ಅದರಲ್ಲಿ ನೀರು. ಅವಳು ನೋಡುತ್ತಿದ್ದದ್ದು ನನ್ನನ್ನೂ ಅಲ್ಲ, ಕೂಸನ್ನೂ ಅಲ್ಲ. ಬೋಗುಣಿಯೊಳಗೆ ಹಳದಿ ನೀರಿನಲ್ಲಿ ಹತ್ತಿಯ ಉಂಡೆಗಳು ತೇಲುತ್ತಿದ್ದವು. ಅಂಚಿನ ಮೇಲೆ ಮಾಮಾನ ಹೆಸರು.

ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ. ನೀರು ಸಹ ಬೀಳಬಾರದು ಎಂದು ಎಷ್ಟು ಸಲ ಕೇಳಿದ್ದೆನೋ.

ಅವ್ವ ತಂಬಿಗೆಯ ನೀರಿನಿಂದ ನನ್ನ ಕೈ ತೊಳೆಸಿದಳು. ಬೋಗುಣಿ ಚೆಲ್ಲಿ, ಮತ್ತೊಮ್ಮೆ ನೀರು ಹಾಕಿ ತೊಳೆದು, ತಂಬಿಗೆ ಕೊಟ್ಟು ಬರಲು ಮತ್ತೆ ಬದುವಿನ ಮೇಲೆ ಹೋದಳು. ಈ ಸಲ ಓಡಲಿಲ್ಲ. ಬಂದು ಅಕ್ಕಿಯ ಗಂಟು, ಕೊಂಬು ಎತ್ತಿ ಉಡಿಯಲ್ಲಿ ಕಟ್ಟಿಕೊಂಡಳು. ಬೋಗುಣಿ ಕೂಸಿನ ಚೀಲದ ಪಕ್ಕಕ್ಕೆ ಹೋಯಿತು.

ನೇಸರಗಿಯಲ್ಲಿ ಹೊಸ ಬಾಗಿಲಿನ ತೋರಣದ ಕೆಳಗೆ ಎಲ್ಲರೂ ನಿಂತಿದ್ದರು. ಮಾಮಾ ಓಡಿ ಬಂದು ಬಾಗಿಲು ತೆಗೆದ. ‘ಬಾ ಅಕ್ಕಾ, ಇನ್ನೂ ಹೊತ್ತೈತಿ’ ಎಂದ. ಅವ್ವ ಬರಿಗೈಯಲ್ಲಿ ಇಳಿದಳು.

‘ಅಕ್ಕಾರ, ಬೋಗುಣಿ ಎಲ್ಲೈತ್ರಿ?’ ಎಂದಳು ಮಾಮಿ.

‘ಮನ್ಯಾಗ ಮರತ ಬಂದೆ’ ಎಂದಳು ಅವ್ವ.

ಮಾಮಿಯ ತಾಯಿ, ಆ ಅಮ್ಮ ಮೊದಲಿನಿಂದಲೂ ಮಾತಿನ ಮಲ್ಲಿ, ಪಕ್ಕದವರಿಗೆ ಹೇಳಿದ ಹಾಗೆ ಎಲ್ಲರಿಗೂ ಕೇಳುವಂತೆ ಅಂದಳು, ‘ಪಾಯ ತಗಿಯೂವಾಗಿಂದ ಬೋಗುಣಿ ತಂದೇನಿ ಬೋಗುಣಿ ತಂದೇನಿ ಅಂತಿದ್ರು. ಮಗಳ ಬಾಣಂತನದಾಗ ತಮ್ಮನ ಮನಿ ನೆಪ್ಪ ಹಾರಿತ ನೋಡ.’

ಅವ್ವ ಉಡಿಯ ಗಂಟನ್ನು ಬಿಗಿ ಮಾಡಿಕೊಂಡಳು. ಜೀವಮಾನದಲ್ಲಿ ಏನನ್ನೂ ಮರೆತವಳಲ್ಲ ಅವಳು. ನನಗೆ ತಡೆಯಲಿಲ್ಲ. ತಪ್ಪು ಮಾಡಿದರೆ ಎದ್ದು ನಿಂತು ಹೇಳಬೇಕು ಎಂದು ನನಗೆ ಕಲಿಸಿದ್ದರು. ಕಾರಿನೊಳಗೆ ಕೂತಿದ್ದ ನಾನು ಕೂಸನ್ನು ಎತ್ತಿಕೊಂಡು ಇಳಿದು ನಿಂತೆ.

‘ಇಲ್ರಿ, ಅವ್ವ ಮರತಿಲ್ಲ. ಬೋಗುಣಿ ಗಾಡ್ಯಾಗ ಐತಿ. ದಾರ್ಯಾಗ ಕೂಸಿನ್ನ ತೊಳಿಯಾಕ ನಾನ ಬಳಸಿಬಿಟ್ಟೆ.’

ಹೇಳಿದ ಮೇಲೆ ನನ್ನ ಎದೆ ಹಗುರಾಯಿತು. ಹಗುರಾದದ್ದು ನನ್ನದು ಮಾತ್ರ. ಅವ್ವನ ಮುಖ ನೋಡಿದೆ. ತನ್ನ ತಮ್ಮನ ಹೊಸ ಹೊಸ್ತಿಲಲ್ಲಿ, ಅಯ್ನೋರ ಎದುರು, ಬೀಗರ ಎದುರು ಅವಳು ಸುಳ್ಳು ಹೇಳಿದವಳಾಗಿದ್ದಳು. ಮರೆತವಳಿಗೆ ನಾಲ್ಕು ಮಾತು ಬೀಳುತ್ತಿದ್ದವು, ಅಲ್ಲಿಗೆ ಮುಗಿಯುತ್ತಿತ್ತು. ಮಾಮಿಯ ತಾಯಿ ಸೆರಗಿನ ಅಂಚನ್ನು ತುಟಿಗೆ ಒತ್ತಿಕೊಂಡಳು. ಅದು ಮಾತಿಗಿಂತ ಕೆಟ್ಟದಿತ್ತು.

ಮಾಮಾ ಕಾರಿನ ಕಡೆ ಹೋಗಿ ಬೋಗುಣಿ ಎತ್ತಿ ತಂದ. ಅಂಚಿನ ಹೆಸರನ್ನು ಹೆಬ್ಬೆರಳಿನಿಂದ ಒರೆಸಿ ಓದಿದ. ಅವನು ಅದನ್ನು ನೋಡಿದ್ದು ಆಗಲೇ ಮೊದಲು.

‘ಸಣ್ಣಾಂವ ಇದ್ದಾಗ ನನ್ನ ಕುಂಡಿ ತೊಳದಾಕೀನೂ ಇಕೀನ’ ಎಂದ ಎಲ್ಲರ ಕಡೆ ತಿರುಗಿ. ‘ಅವ್ವ ಹೊಲಕ್ಕ ಹೋದ್ರ ನನ್ನ ಬಗಲಾಗ ಹೊತ್ಕೊಂಡ ತಿರಗಾಕಿ. ಆ ಕೈ ನಡೀತೈತಿ, ಈ ಬೋಗುಣಿ ನಡಿಯಂಗಿಲ್ಲೇನ? ತಿಕ್ಕಿ ತಗೊಂಬರ್ರಿ, ಇದರಾಗ ಉಕ್ಕಸೂಣು.’

ಯಾರೋ ನಕ್ಕರು. ಅಯ್ನೋರೂ ನಕ್ಕರು. ‘ಬ್ಯಾಡ ಅಪ್ಪಿ’ ಎಂದಳು ಅವ್ವ, ಮೆಲ್ಲಗೆ. ‘ನಿನ್ನ ಮನೀಗಿ ಒಳ್ಳೇದಾಗಲಿ. ನಮ್ಮವ್ವನ ಹಾಲಿನ ಬೋಗುಣಿ ತಾ.’

ಮಾಮಿ ಹಳೆಯ ಮನೆಯಿಂದ ನನ್ನ ಅಜ್ಜಿಯ ಹಿತ್ತಾಳೆಯ ಬೋಗುಣಿ ತಂದಳು. ಕಲಾಯಿ ಹೋಗಿ, ಒಂದು ಮಗ್ಗಲು ನೆಗ್ಗಿದ್ದು. ಅವ್ವ ಉಡಿಯಿಂದ ಅರಿಷಿಣ ಕೊಂಬು ತೆಗೆದು ಅದರ ಕೊರಳಿಗೆ ಕಟ್ಟಿದಳು. ಒಲೆ ಹಚ್ಚಿದಳು. ನಾನು ಕೂಸನ್ನು ಎತ್ತಿಕೊಂಡು ಅಡುಗೆ ಮನೆಯ ಬಾಗಿಲಿನಿಂದ ಹೊರಗೇ ನಿಂತೆ. ಒಳಗೆ ಬಾ ಎಂದು ಮಾಮಿ ಎರಡು ಸಲ ಕರೆದರೂ ಹೋಗಲಿಲ್ಲ. ಹಾಲು ಏರಿತು, ನೆಗ್ಗಿದ ಕಡೆಯಿಂದ ಉಕ್ಕಿ ಇಳಿಯಿತು. ‘ಮೂಡಲಕ್ಕ ಉಕ್ಕೇತಿ, ಚೊಲೋ ಆತು’ ಎಂದರು ಯಾರೋ. ಅವ್ವ ತಮ್ಮನ ಕೈಗೆ ಮೊದಲ ಲೋಟ ಕೊಟ್ಟಳು. ಅವನು ಅವಳ ಕಾಲಿಗೆ ಬಾಗಿದ. ಎಲ್ಲ ಆಗಬೇಕಾದ ಹಾಗೆಯೇ ಆಯಿತು. ಆದರೂ ಅವಳು ಇಷ್ಟು ವರ್ಷ ಟ್ರೆಜರಿಯ ಬಾಗಿಲು ತೆಗೆದು ತೆಗೆದು ನೋಡುತ್ತಿದ್ದುದು ಇದನ್ನಲ್ಲ.

ಕೂಸು ಮೊದಲ ಸಲ ಬಂದಿದೆ ಎಂದು ಮಾಮಿ ಅದರ ನೆತ್ತಿಗೆ ಎಣ್ಣೆ ಇಟ್ಟು, ನಾಲಗೆಗೆ ಸಕ್ಕರೆ ಮುಟ್ಟಿಸಿ, ನನಗೆ ಉಡಿ ತುಂಬಿದಳು. ಮಾಮಾ ಸ್ಟೀಲಿನ ಬೋಗುಣಿಯನ್ನು ನನ್ನ ಕೈಗೆ ಕೊಟ್ಟ. ‘ಇದು ಇನ್ನ ನಿನ್ನ ಮಗಳದಾತು. ನನ್ನ ಹೆಸರ ಹೇಳಿ ಗಂಜಿ ಕುಡಸ್ತಿರು’ ಎಂದ. ಅವನು ತಮಾಷೆಗೇ ಅಂದದ್ದು. ನಾನು ಅಳಲಾರಂಭಿಸಿದೆ. ಬಾಣಂತಿ ಅಳಬಾರದು, ಕಣ್ಣು ಕೆಡುತ್ತವೆ ಎಂದು ಎಲ್ಲರೂ ಸೇರಿ ನನ್ನನ್ನು ಬೈದರು.

ಹಿಂದಿರುಗುವಾಗ ಟ್ರ್ಯಾಕ್ಟರುಗಳಿರಲಿಲ್ಲ. ಕೂಸು ದಾರಿಯುದ್ದಕ್ಕೂ ಮಲಗಿತ್ತು, ಬೆಳಿಗ್ಗೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ‘ಅವ್ವಾ, ಬೋಗುಣಿ ನಾ ಮುಟ್ಟಬಾರದಿತ್ತು’ ಎಂದೆ. ಅವಳು ಹೊರಗೆ ನೋಡುತ್ತಿದ್ದಳು.

‘ಕೂಸು ಅಳಾಕತ್ತಿತ್ತು, ಮುಟ್ಟಿದಿ. ನಾನೂ ಮುಟ್ಟತಿದ್ನೇನೋ’ ಎಂದಳು. ಕೂಸಿನ ಕುಂಚಿಗೆ ಸರಿಮಾಡಿ, ‘ಬಾಗಲ್ದಾಗ ನೀ ಸುಮ್ನಿರಬೇಕಿತ್ತವಾ’ ಎಂದಳು.

ನಿಜ ಹೇಳಿದ್ದಕ್ಕೆ ಹೇಗೆ ಕ್ಷಮೆ ಕೇಳುವುದು ಎಂದು ನನಗೆ ಯಾರೂ ಕಲಿಸಿಲ್ಲ.

ಈಗ ನಾನು ರಾಮದುರ್ಗದಲ್ಲಿದ್ದೇನೆ. ಮಗಳು ನಡೆಯುತ್ತಾಳೆ. ಅವಳೊಂದಿಗೆ ಹೊರಗೆ ಹೊರಡುವುದು ಈಗಲೂ ಸುಲಭವಲ್ಲ, ಚಪ್ಪಲಿ ಒಂದು ಕಡೆ, ಅವಳು ಒಂದು ಕಡೆ. ಆದರೆ ನನ್ನ ಚೀಲದಲ್ಲಿ ಯಾವಾಗಲೂ ಒಂದು ತಂಬಿಗೆ ಇರುತ್ತದೆ. ಬಸ್ಸಿನಲ್ಲಿ ಅದು ಬಾಟಲಿಗೆ ತಾಗಿ ಕಟಕಟ ಎನ್ನುತ್ತದೆ, ಗಂಡ ನಗುತ್ತಾರೆ. ದಿನಾ ಬೆಳಿಗ್ಗೆ ಅವಳ ಗಂಜಿ ಕುದಿಯುವುದು ಮಾಮಾನ ಹೆಸರಿನ ಬೋಗುಣಿಯಲ್ಲಿ.

ಮೊನ್ನೆ ಅವ್ವ ಮೊಮ್ಮಗಳನ್ನು ನೋಡಲು ಬಂದಿದ್ದಳು. ಅವಳು ಅಡುಗೆ ಮನೆಗೆ ಬರುವ ಸಪ್ಪಳ ಕೇಳಿ ನಾನು ಒಲೆಯ ಮೇಲಿದ್ದ ಬೋಗುಣಿಯನ್ನು ಇಕ್ಕಳದಿಂದ ಹಿಡಿದು, ಹೆಸರಿನ ಭಾಗ ಗೋಡೆಯ ಕಡೆ ಆಗುವಂತೆ ತಿರುಗಿಸಿದೆ. ಅವ್ವ ನನ್ನ ಪಕ್ಕದಲ್ಲಿ ಬಂದು ನಿಂತು, ಗಂಜಿ ತಳ ಹತ್ತೀತೇನೋ ಎಂದು ಸೌಟಿನಿಂದ ಕೈಯಾಡಿಸಿದಳು. ಆಮೇಲೆ ಇಕ್ಕಳ ತೆಗೆದುಕೊಂಡು ಬೋಗುಣಿಯನ್ನು ಮತ್ತೆ ಈ ಕಡೆಗೆ ತಿರುಗಿಸಿದಳು. ಹಬೆಯಲ್ಲಿ ಅಕ್ಷರಗಳು ಮಸುಕಾಗಿದ್ದವು. ಸೆರಗಿನ ತುದಿಯಿಂದ ‘ಅಕ್ಕನಿಂದ’ ಎಂಬುದನ್ನು ಒರೆಸಿದಳು.

‘ಉರಿ ಸಣ್ಣ ಮಾಡು’ ಎಂದಳು.